ಹುಂಡಿ, ಹಗೇವು, ಹಿಡಿಕಾಳು: ನಮ್ಮ ಸೀಮೆಯ ಉದ್ಯಮಗಳು ಮತ್ತು ನಾಣ್ಯವಲ್ಲದ ಹಣ

ಶಾಲೆಯೊಂದು ನೂರು ವರ್ಷ ಬಾಳಿದಾಗ ಅದರ ಸ್ಥಾಪಕರನ್ನು, ಗುರುಗಳನ್ನು, ದಾನಿಗಳನ್ನು ಸ್ಮರಿಸುವುದು ನಮ್ಮ ಸಂಪ್ರದಾಯ. ಈ ಸಂಪುಟದ ಇತರ ಲೇಖನಗಳು ಆ ಕಾರ್ಯವನ್ನು ಮಾಡಿವೆ. ನಾವು ಇಲ್ಲಿ ಇನ್ನೊಂದು ಪ್ರಶ್ನೆಯನ್ನು ಎತ್ತಿಕೊಂಡಿದ್ದೇವೆ. ನಮ್ಮ ಶಾಲೆಗೆ ಮಕ್ಕಳನ್ನು ಕಳುಹಿಸಿದ ಮನೆಗಳು ಯಾವ ದುಡಿಮೆಯಿಂದ ಬದುಕಿದವು? ಅರಿಸಿನ ಪೇಟೆಯ ಅಡತಿ ಅಂಗಡಿ, ಹಮಾಲರ ಬೆನ್ನಿನ ಚೀಲ, ಸಕ್ಕರೆ ಕಾರ್ಖಾನೆ, ಮಿರಜದ ರೈಲ್ವೆ, ಅಥಣಿ ರಾಯಬಾಗ ಜತ್ತಗಳ ಹೊಲಗದ್ದೆ: ಉತ್ತರ ಇಲ್ಲೆಲ್ಲ ಹರಡಿಕೊಂಡಿದೆ. ಈ ದುಡಿಮೆಗೆ ಆಸರೆಯಾದ ಉದ್ಯಮಗಳು ಬಹುಮಟ್ಟಿಗೆ ಮಧ್ಯಮ ಗಾತ್ರದವು. ಅವು ಬೀದಿಯ ಅಂಗಡಿಗಿಂತ ದೊಡ್ಡವು, ಟಾಟಾ ಬಿರ್ಲಾಗಳಿಗಿಂತ ಬಹಳ ಚಿಕ್ಕವು. ಕೈಯಲ್ಲಿ ನಗದು ಸದಾ ಕಡಿಮೆಯಿದ್ದ ಈ ಸೀಮೆಯಲ್ಲಿ ಅವು ಬೆಳೆದದ್ದು ಹೇಗೆ?

ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸರಕಾರ ಅಚ್ಚೊತ್ತಿದ ನಾಣ್ಯ ಮತ್ತು ನೋಟುಗಳ ಪಕ್ಕದಲ್ಲಿ ಇನ್ನೊಂದು ಬಗೆಯ ಹಣ ಇಲ್ಲಿ ಯಾವಾಗಲೂ ಚಲಾವಣೆಯಲ್ಲಿತ್ತು. ಅದು ಕಾಗದದ ಮೇಲಿನ ಮಾತು, ನೆಲದೊಳಗಿನ ಸರಕು, ಕಣದಲ್ಲಿ ಅಳೆದ ಧಾನ್ಯ, ಲೆಕ್ಕದ ಪುಸ್ತಕದ ಒಂದು ಸಾಲು. ಅರ್ಥಶಾಸ್ತ್ರಜ್ಞರು ಇಂದು ಇದನ್ನು ಪರ್ಯಾಯ ಅಥವಾ ಪೂರಕ ಹಣವೆಂದು ಕರೆಯುತ್ತಾರೆ. ನಮ್ಮ ಹಿರಿಯರು ಅದಕ್ಕೆ ಶಾಸ್ತ್ರದ ಹೆಸರಿಡದೆಯೇ ಅದನ್ನು ಬಳಸಿದರು. ಅದರಿಂದ ಯಾರಿಗೆ ಒಳಿತಾಯಿತು, ಯಾರು ಹೊರಗುಳಿದರು ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಒಂದು ಸೀಮೆ, ಹಲವು ರೂಪಾಯಿ

ಸಾಂಗ್ಲಿ ಸಂಸ್ಥಾನವು ಹುಟ್ಟಿದ್ದು 1801ರಲ್ಲಿ. ಚಿಂತಾಮಣರಾವ್ ಪಟವರ್ಧನರು ಮಿರಜದ ತಮ್ಮ ಚಿಕ್ಕಪ್ಪನಿಂದ ಬೇರೆಯಾಗಿ ಕೃಷ್ಣಾ ತೀರದ ಸಾಂಗ್ಲಿಯನ್ನು ರಾಜಧಾನಿ ಮಾಡಿಕೊಂಡರು. ಈ ಸಂಸ್ಥಾನದ ಭೂಮಿ ಒಂದೆಡೆ ಸೇರಿರಲಿಲ್ಲ. ತೇರದಾಳ, ಶಿರಹಟ್ಟಿ, ಬೆಳಗಾವಿಗೆ ಅಂಟಿಕೊಂಡಿರುವ ಶಹಾಪುರ, ಇವೆಲ್ಲ ಸಾಂಗ್ಲಿಗೆ ಸೇರಿದ್ದವು. ಲಕ್ಷ್ಮೇಶ್ವರವು ಮಿರಜ ಹಿರಿಯ ಸಂಸ್ಥಾನದಲ್ಲಿತ್ತು, ಗುಡಗೇರಿಯು ಕಿರಿಯ ಸಂಸ್ಥಾನದಲ್ಲಿತ್ತು. ಅಂದರೆ ಇಂದಿನ ಬಾಗಲಕೋಟೆ, ಗದಗ, ಧಾರವಾಡ ಜಿಲ್ಲೆಗಳ ಕನ್ನಡ ರೈತರು ಕಟ್ಟಿದ ಕಂದಾಯವು ಕೃಷ್ಣೆಯ ದಡಕ್ಕೆ ಬಂದು ಸೇರುತ್ತಿತ್ತು. 1948ರ ಮಾರ್ಚ್ 8ರಂದು ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗುವವರೆಗೆ ಈ ಸಂಬಂಧ ಉಳಿದಿತ್ತು. ಗಡಿಯ ಗೆರೆ ಆಮೇಲೆ ಬಂದಿತು, ವ್ಯವಹಾರದ ದಾರಿ ಅದಕ್ಕಿಂತ ಹಳೆಯದು.

ಇಷ್ಟು ಚದುರಿದ ನಾಡಿನಲ್ಲಿ ನಾಣ್ಯವೂ ಚದುರಿಹೋಗಿತ್ತು. ಆದಿಲಶಾಹಿಯ ಕಾಲದಿಂದ ಮಿರಜಕ್ಕೆ ಮುರ್ತಜಾಬಾದ ಎಂಬ ಇನ್ನೊಂದು ಹೆಸರಿತ್ತು, ಆ ಹೆಸರು ಹೊತ್ತ ನಾಣ್ಯಗಳು ದೊರೆತಿವೆ. ಹುಕ್ಕೇರಿಯ ರೂಪಾಯಿ ಬೇರೆ, ಶಹಾಪುರದ ರೂಪಾಯಿ ಬೇರೆ, ಪುಣೆಯ ಕಡೆಯದು ಬೇರೆ. ಹಳೆಯ ಹೊನ್ನು ವರಹಗಳೂ ಕೈಯಿಂದ ಕೈಗೆ ಸಾಗುತ್ತಿದ್ದವು. ಒಂದು ಊರಿನ ರೂಪಾಯಿ ಇನ್ನೊಂದು ಊರಿನಲ್ಲಿ ಪೂರ್ಣ ಬೆಲೆಗೆ ಹೋಗುತ್ತಿರಲಿಲ್ಲ. ಅದರ ಬೆಳ್ಳಿಯನ್ನು ಉಜ್ಜಿ ನೋಡಿ, ವಟಾವು ಕಳೆದು ಬದಲಿಸಿಕೊಡಲು ಚಿನಿವಾರರು ಇದ್ದರು. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ತನ್ನ ಆಡಳಿತದ ಭಾಗಗಳಿಗೆಲ್ಲ ಒಂದೇ ತೂಕದ ರೂಪಾಯಿಯನ್ನು ತಂದ ಮೇಲೆ ಈ ಗೊಂದಲ ನಿಧಾನವಾಗಿ ಕರಗಿತು. ಆದರೆ ನಾಣ್ಯ ಒಂದಾದ ಮಾತ್ರಕ್ಕೆ ಅದು ಎಲ್ಲರ ಕೈಗೆ ಬರಲಿಲ್ಲ. ಹಳ್ಳಿಯಲ್ಲಿ ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾವಿದ ಮೊದಲಾದ ಆಯಗಾರರಿಗೆ ವರ್ಷಕ್ಕೊಮ್ಮೆ ರಾಶಿಯ ಕಣದಲ್ಲಿ ಧಾನ್ಯದ ಪಾಲು ದೊರೆಯುತ್ತಿತ್ತು. ಮರಾಠಿಯಲ್ಲಿ ಬಲುತೆ ಎನ್ನುವುದೂ ಇದನ್ನೇ. ಕುಡುಗೋಲು ಹಣಿದುಕೊಟ್ಟ ದಿನಕ್ಕೂ ಕಾಳು ಅಳೆದ ದಿನಕ್ಕೂ ನಡುವೆ ಎಂಟು ಹತ್ತು ತಿಂಗಳ ಅಂತರವಿರುತ್ತಿತ್ತು. ಆ ಅಂತರವನ್ನು ತುಂಬುತ್ತಿದ್ದುದು ಊರಿನ ನೆನಪು.

ಹುಂಡಿಯ ನಡೆ

ಹಳ್ಳಿಯ ಒಳಗೆ ನೆನಪು ಸಾಕಾಗುತ್ತಿತ್ತು, ಸಾಂಗ್ಲಿಯಿಂದ ಮುಂಬಯಿಗೆ ಅದು ಸಾಲದು. ಅಲ್ಲಿ ಬಳಕೆಗೆ ಬಂದುದು ಹುಂಡಿ. ಕನ್ನಡದ ಮಕ್ಕಳಿಗೆ ಹುಂಡಿಯೆಂದರೆ ದೇವಸ್ಥಾನದ ಕಾಣಿಕೆಯ ಪೆಟ್ಟಿಗೆ ನೆನಪಾಗುತ್ತದೆ. ವರ್ತಕರ ಹುಂಡಿ ಬೇರೆ. ಅದು ಒಬ್ಬ ವರ್ತಕ ದೂರದ ಊರಿನ ಇನ್ನೊಬ್ಬನಿಗೆ, ಈ ಕಾಗದ ತಂದವರಿಗೆ ಇಷ್ಟು ಹಣ ಕೊಡತಕ್ಕದ್ದು ಎಂದು ಬರೆದ ಆಜ್ಞಾಪತ್ರ.

ಇದರ ನಡೆಯನ್ನು ಒಂದು ಉದಾಹರಣೆಯಿಂದ ನೋಡೋಣ. ಸಾಂಗ್ಲಿಯ ವರ್ತಕನೊಬ್ಬ ಮುಂಬಯಿಯ ಅಡತಿಗೆ 10,000 ರೂಪಾಯಿಯ ಅರಿಸಿನ ಕಳುಹಿಸಿದ್ದಾನೆ ಎಂದಿಟ್ಟುಕೊಳ್ಳಿ. ಅವನಿಗೆ ಬರಬೇಕಾದ ಹಣ ಮುಂಬಯಿಯಲ್ಲಿದೆ, ರೈತರಿಗೆ ಕೊಡಬೇಕಾದ ಹಣ ಸಾಂಗ್ಲಿಯಲ್ಲಿ ಬೇಕು. ಅದೇ ಊರಿನ ಜವಳಿ ವ್ಯಾಪಾರಿಯ ಸ್ಥಿತಿ ಇದಕ್ಕೆ ತಿರುಗುಮುರುಗು: ಅವನ ಗಲ್ಲೆಯಲ್ಲಿ ಹಣವಿದೆ, ಮುಂಬಯಿಯ ಬಟ್ಟೆಗೆ ಅದನ್ನು ಸಲ್ಲಿಸಬೇಕಾಗಿದೆ. ಅರಿಸಿನದವನು ಮುಂಬಯಿಯ ಅಡತಿಯ ಮೇಲೆ ಹುಂಡಿ ಬರೆದು ಜವಳಿಯವನಿಗೆ ಮಾರುತ್ತಾನೆ. ಜವಳಿಯವನು ಅದನ್ನು ಅಂಚೆಯಲ್ಲಿ ಕಳುಹಿಸಿ ತನ್ನ ಸಾಲ ತೀರಿಸುತ್ತಾನೆ. ಎರಡು ಊರುಗಳ ಎರಡು ಲೆಕ್ಕಗಳು ಚುಕ್ತವಾದವು, ಒಂದು ರೂಪಾಯಿಯೂ ಘಟ್ಟ ಇಳಿಯಲಿಲ್ಲ, ಹತ್ತಲಿಲ್ಲ. ಈ ವ್ಯವಹಾರದಲ್ಲಿ ಕೊಡುವ ಅಥವಾ ಕಳೆಯುವ ಅಲ್ಪ ಮೊತ್ತಕ್ಕೆ ಹುಂಡಾವಣವೆಂದು ಹೆಸರು. ಸುಗ್ಗಿಯಲ್ಲಿ ಊರಿಗೆ ನಗದು ಬೇಕಾದಾಗ ಅದು ಒಂದು ಬಗೆ, ಮಳೆಗಾಲದಲ್ಲಿ ಇನ್ನೊಂದು ಬಗೆ.

ಕಂಡೊಡನೆ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ. ಗೊತ್ತಾದ ದಿನಗಳು ಕಳೆದ ಮೇಲೆ ಕೊಡಬೇಕಾದದ್ದು ಮುದ್ದತಿ ಹುಂಡಿ. ಪ್ರತಿಷ್ಠಿತ ವರ್ತಕನ ಕೈಯಿಂದಲೇ ಬಂದರೆ ಮಾತ್ರ ಹಣ ಸಲ್ಲುವುದು ಶಹಾಜೋಗ ಹುಂಡಿ, ಕಳ್ಳತನವಾದರೂ ಕಳ್ಳನಿಗೆ ಅದು ದಕ್ಕದು. ಮೊತ್ತವನ್ನು ತಿದ್ದಲಾಗದಂತೆ ಸಾವಿರ ರೂಪಾಯಿ, ಅದರ ಅರ್ಧ ಐದು ನೂರು, ಅದರ ಇಮ್ಮಡಿ ಎಂದು ಬಿಡಿಸಿ ಬರೆಯುವ ಪದ್ಧತಿಯಿತ್ತು. ಹುಂಡಿ ಕಳೆದುಹೋದರೆ ಪೇಠ ಎಂಬ ಎರಡನೆಯ ಪ್ರತಿ, ಅದೂ ಕಳೆದರೆ ಪರಪೇಠ ಎಂಬ ಮೂರನೆಯ ಪ್ರತಿ. ಹಣ ಸಂದಾಯವಾದ ಹುಂಡಿಗೆ ಖೋಕಾ ಎಂಬ ಹೆಸರು. ಯಾವ ವಿಶ್ವವಿದ್ಯಾಲಯವೂ ಕಲಿಸದ ಈ ಶಾಸ್ತ್ರವನ್ನು ಗುಮಾಸ್ತರು ಗಾದಿಯ ಮೇಲೆ ಕುಳಿತು ಕಲಿತರು. 1881ರ ವಿನಿಮಯ ಪತ್ರಗಳ ಕಾಯಿದೆ ಬಂದಾಗಲೂ ದೇಶಭಾಷೆಗಳಲ್ಲಿ ಬರೆದ ಹುಂಡಿಗಳ ಸ್ಥಳೀಯ ರೂಢಿಯನ್ನು ಅದರ ಮೊದಲನೆಯ ಕಲಮಿನಲ್ಲಿಯೇ ಉಳಿಸಿಕೊಡಲಾಯಿತು. ರೂಢಿಯ ಬಲ ಅಷ್ಟಿತ್ತು.

ಹರಿಪುರದ ಹಗೇವು

ಹುಂಡಿಯ ಹಿಂದೆ ಮಾತಿತ್ತು. ಮಾತಿನ ಹಿಂದೆ ಸರಕು ಇರಬೇಕು. ಸಾಂಗ್ಲಿಯಲ್ಲಿ ಆ ಸರಕು ಅರಿಸಿನ.

ಕೃಷ್ಣಾ ವಾರಣಾ ಸಂಗಮದ ಹತ್ತಿರದ ಹರಿಪುರದಲ್ಲಿ ನೆಲವನ್ನು ಆಳವಾಗಿ ಅಗೆದು ಅರಿಸಿನವನ್ನು ತುಂಬಿಡುವ ಪದ್ಧತಿ ಇತ್ತು. ಮರಾಠಿಯಲ್ಲಿ ಪೇವ ಎನ್ನುವ ಇದನ್ನು ನಾವು ಹಗೇವು ಎನ್ನುತ್ತೇವೆ. ನಮ್ಮ ಬಯಲು ಸೀಮೆಯ ಜೋಳದ ಹಗೇವನ್ನು ಕಂಡವರಿಗೆ ಇದು ಹೊಸದಲ್ಲ: ಕಿರಿದಾದ ಬಾಯಿ, ಅಗಲವಾದ ಹೊಟ್ಟೆ, ಮೇಲೆ ಮಣ್ಣಿನ ಮುಚ್ಚಳ. ಹರಿಪುರದ ಗಟ್ಟಿ ಮಣ್ಣು ನೀರನ್ನು ಒಳಗೆ ಬಿಡುತ್ತಿರಲಿಲ್ಲ. ಗಾಳಿ ಬೆಳಕು ಇಲ್ಲದ ಆ ಕತ್ತಲಲ್ಲಿ ಹುಳು ಬದುಕುತ್ತಿರಲಿಲ್ಲ, ಅರಿಸಿನದ ಬಣ್ಣವೂ ಮಾಸುತ್ತಿರಲಿಲ್ಲ. ತೆರೆಯುವಾಗ ಮಾತ್ರ ಬಹಳ ಎಚ್ಚರಿಕೆ ಬೇಕು. ಕೆಟ್ಟ ಗಾಳಿ ಹೊರಗೆ ಹೋಗುವ ತನಕ ಬಾಯಿ ತೆರೆದು ಕಾದು, ಆಮೇಲೆಯೇ ಇಳಿಯಬೇಕು.

ಸರಕು ನೆಲದಲ್ಲಿ ಸುರಕ್ಷಿತವಾಗಿದೆ ಎಂಬ ಭರವಸೆ ಇದ್ದರೆ ಅದನ್ನು ಪ್ರತಿ ಸಲ ಹೊರತೆಗೆದು ತೂಗಬೇಕಾಗಿಲ್ಲ. ಹಗೇವು ಮುಚ್ಚಿದಂತೆಯೇ ಇರುತ್ತಿತ್ತು, ಅದರ ಒಡೆತನ ಕಾಗದದ ಮೇಲೆ ಬದಲಾಗುತ್ತಿತ್ತು. ಅದನ್ನು ಒತ್ತೆಯಿಟ್ಟು ಸಾಲ ಎತ್ತುವುದೂ ಸಾಧ್ಯವಾಯಿತು. ಅರಿಸಿನದ ಮುಂಗಡ ವಾಯಿದೆ ವ್ಯಾಪಾರಕ್ಕೆ ಸಾಂಗ್ಲಿ ದೇಶದಲ್ಲಿಯೇ ಹೆಸರಾದುದಕ್ಕೆ ಈ ದಾಸ್ತಾನಿನ ಶಕ್ತಿಯೂ ಒಂದು ಕಾರಣ. ಕಾಗದದ ಹಿಂದೆ ಬಂಗಾರವಿರಬೇಕೆಂದು ದೊಡ್ಡ ದೇಶಗಳ ಬ್ಯಾಂಕುಗಳು ವಾದಿಸುತ್ತಿದ್ದ ಕಾಲದಲ್ಲಿ ನಮ್ಮ ಪೇಟೆಯ ಕಾಗದದ ಹಿಂದೆ ಬಂಗಾರದ ಬಣ್ಣದ ಬೇರು ಇತ್ತು.

2005ರ ಕೃಷ್ಣೆಯ ಮಹಾಪೂರವು ಈ ಹಗೇವುಗಳಿಗೆ ದೊಡ್ಡ ಪೆಟ್ಟು ಕೊಟ್ಟಿತು. ನೀರು ನುಗ್ಗಿ ಅರಿಸಿನ ಹಾಳಾಯಿತು, ವ್ಯಾಪಾರ ಗೋದಾಮು ಮತ್ತು ಶೀತಗೃಹಗಳ ಕಡೆಗೆ ಸರಿಯಿತು. ಮುಂದೆ 2018ರಲ್ಲಿ ಸಾಂಗ್ಲಿಯ ಅರಿಸಿನಕ್ಕೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಹೆಸರು ಸಾಂಗ್ಲಿಯದಾದರೂ ಈ ಪೇಟೆಗೆ ಬರುವ ಅರಿಸಿನದಲ್ಲಿ ರಾಯಬಾಗ, ಅಥಣಿ, ತೇರದಾಳದ ಕಡೆಯ ಕನ್ನಡ ರೈತರ ಬೆವರೂ ಬೆರೆತಿದೆ.

ಮಧ್ಯಮ ಗಾತ್ರದ ಸಂಕಟ

ಈಗ ಉದ್ಯಮಗಳಿಗೆ ಬರೋಣ. ಚಿಕ್ಕ ಅಂಗಡಿಗೆ ಊರಿನ ಉದ್ರಿ ಸಾಕು. ಬಹು ದೊಡ್ಡ ಕಂಪನಿಗೆ ಬ್ಯಾಂಕೇ ಬಾಗಿಲಿಗೆ ಬರುತ್ತದೆ. ನಡುವಿನವರ ಪಾಡು ಬೇರೆ. ಅವರ ಸರಕು ದೂರದ ಊರಿಗೆ ಹೋಗಬೇಕು, ಹಣ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ, ಕೂಲಿಯನ್ನು ಮಾತ್ರ ವಾರ ವಾರಕ್ಕೆ ಕೊಡಬೇಕು. ಈ ಅಂತರವನ್ನು ದಾಟಿಸುವ ಸೇತುವೆ ಸಿಕ್ಕರೆ ಅವರು ಬೆಳೆಯುತ್ತಾರೆ, ಸಿಗದಿದ್ದರೆ ಲಾಭದಲ್ಲಿದ್ದೂ ಮುಳುಗುತ್ತಾರೆ.

ಲಕ್ಷ್ಮಣರಾವ್ ಕಿರ್ಲೋಸ್ಕರರ ಜೀವನವು ಇದಕ್ಕೆ ನಮ್ಮ ಹತ್ತಿರದ ನಿದರ್ಶನ. ಅವರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಮುಂಬಯಿಯಲ್ಲಿ ಶಿಕ್ಷಕರಾಗಿದ್ದು, ಬಡ್ತಿಯಲ್ಲಿ ಅನ್ಯಾಯವಾದಾಗ ಕೆಲಸ ಬಿಟ್ಟು, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಮೇವು ಕತ್ತರಿಸುವ ಯಂತ್ರ ಹಾಗೂ ಕಬ್ಬಿಣದ ನೇಗಿಲುಗಳನ್ನು ಮಾಡಿದರು. ಕಬ್ಬಿಣ ತಗಲಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಹೆದರಿದ್ದರಿಂದ ಅವರ ಮೊದಲ ನೇಗಿಲುಗಳು ಎರಡು ವರ್ಷ ಮಾರಾಟವಾಗದೆ ಉಳಿದವು. ಬೆಳಗಾವಿಯ ಜಾಗವೂ ಕೈತಪ್ಪಿದಾಗ ಔಂಧದ ರಾಜರಾದ ಬಾಳಾಸಾಹೇಬ ಪಂತಪ್ರತಿನಿಧಿಗಳು ಕುಂಡಲ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬಂಜರು ನೆಲವನ್ನೂ ಬಡ್ಡಿಯಿಲ್ಲದ 10,000 ರೂಪಾಯಿ ಸಾಲವನ್ನೂ ಕೊಟ್ಟರು. 1910ರಲ್ಲಿ ಪಾಪಾಸುಕಳ್ಳಿ ಕಡಿದು ಕಟ್ಟಿದ ಊರೇ ಇಂದು ಸಾಂಗ್ಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿ. ಅಡವಿಡಲು ಆಸ್ತಿಯಿಲ್ಲದ ಮನುಷ್ಯನಿಗೆ ರಾಜನು ಕೊಟ್ಟದ್ದು ಮಾತಿನ ಮೇಲಿನ ಸಾಲ. ಆ ಸಾಲದಿಂದ ಹುಟ್ಟಿದ ಕುಟುಂಬದ ಉದ್ಯಮ ಮುಂದೆ ಹರಿಹರ ಮತ್ತು ಬೆಂಗಳೂರುಗಳಲ್ಲಿಯೂ ಕಾರ್ಖಾನೆ ಕಟ್ಟಿತು.

ಭಿಲವಡಿಯಲ್ಲಿ 1939ರಲ್ಲಿ ಭಾಸ್ಕರ ಗಣೇಶ ಚಿತಳೆಯವರು ಆರಂಭಿಸಿದ ಹಾಲಿನ ವ್ಯವಹಾರವನ್ನೂ ಇಲ್ಲಿ ನೆನೆಯಬೇಕು. ಹಾಲು ದಿನವೂ ಬರುತ್ತದೆ, ಅದರ ಬೆಲೆ ನಿತ್ಯ ನಗದಾಗಿ ಕೈಬದಲಾಗುವುದಿಲ್ಲ. ಬೆಳಗ್ಗೆ ಸಂಜೆ ಅಳತೆ ಬರೆದು, ಗೊತ್ತಾದ ದಿನ ಲೆಕ್ಕ ಚುಕ್ತ ಮಾಡುವುದು ಹಾಲಿನ ವ್ಯವಹಾರದ ರೀತಿ. ಎಮ್ಮೆಯ ಒಡತಿಗೆ ಆ ಅಳತೆಯ ಪುಸ್ತಕವೇ ಹಣ. ಅದೇ 1939ರಲ್ಲಿ ಸ್ಥಾಪನೆಯಾದ ಉಗಾರ ಸಕ್ಕರೆ ಕಾರ್ಖಾನೆಯು ನಿಂತಿರುವುದು ಬೆಳಗಾವಿ ಜಿಲ್ಲೆಯ ಉಗಾರ ಖುರ್ದದಲ್ಲಿ, ಅದರ ನೋಂದಾಯಿತ ಕಚೇರಿ ಇರುವುದು ಸಾಂಗ್ಲಿಯಲ್ಲಿ. ಕಬ್ಬು ಕನ್ನಡದ ನೆಲದ್ದು, ಲೆಕ್ಕ ಕೃಷ್ಣೆಯ ಈ ದಡದ್ದು. ನಮ್ಮ ಎಷ್ಟೋ ಮನೆಗಳ ಬದುಕೂ ಹೀಗೆಯೇ ಎರಡು ರಾಜ್ಯಗಳಲ್ಲಿ ಹಂಚಿಕೊಂಡಿದೆ.

ಇಂತಹ ಉದ್ಯಮಗಳಿಗಾಗಿ ಊರವರೇ ಬ್ಯಾಂಕುಗಳನ್ನು ಕಟ್ಟಿದರು. 1916ರಲ್ಲಿ ಸಾಂಗ್ಲಿ ಬ್ಯಾಂಕ್, 1929ರಲ್ಲಿ ಮಿರಜ ಸ್ಟೇಟ್ ಬ್ಯಾಂಕ್ ಹುಟ್ಟಿದವು. ವರ್ತಕನ ಮುಖ ನೋಡಿ ಹುಂಡಿ ಕೊಳ್ಳುತ್ತಿದ್ದ ಸರಾಫನ ಕೆಲಸವನ್ನು ಅವು ಕಾಯಿದೆಯ ಚೌಕಟ್ಟಿನಲ್ಲಿ ಮುಂದುವರಿಸಿದವು. ಮಿರಜದ ಬ್ಯಾಂಕು 1985ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿಯೂ, ಸಾಂಗ್ಲಿಯದು 2007ರಲ್ಲಿ ಐಸಿಐಸಿಐ ಬ್ಯಾಂಕಿನಲ್ಲಿಯೂ ವಿಲೀನವಾದವು. ಠೇವಣಿ ಭದ್ರವಾಯಿತು. ಆದರೆ ಸಾಲ ಕೇಳುವವನ ತಂದೆಯನ್ನೂ ಹೊಲವನ್ನೂ ಬಲ್ಲ ಮ್ಯಾನೇಜರು ಇಲ್ಲವಾದರು.

ರೈತರು ಕಂಡುಕೊಂಡ ದಾರಿ ಸಹಕಾರ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಪತ್ತು ಎಂಬ ಪದವನ್ನು ಗಮನಿಸಿ: ಅದು ವಿಶ್ವಾಸಾರ್ಹತೆ, ಅದೇ ಸಾಲ ಪಡೆಯುವ ಯೋಗ್ಯತೆ. ಈ ಬೀಜ ಮಹಾರಾಷ್ಟ್ರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಗಳಾಗಿ ಬೆಳೆಯಿತು. 1950ರಲ್ಲಿ ಪ್ರವರಾನಗರದಲ್ಲಿ ಮೊದಲ ಸಹಕಾರಿ ಕಾರ್ಖಾನೆ ನಡೆಯತೊಡಗಿತು, ಅದೇ ದಶಕದಲ್ಲಿ ವಸಂತದಾದಾ ಪಾಟೀಲರು ಸಾಂಗ್ಲಿಯಲ್ಲಿ ರೈತರ ಕಾರ್ಖಾನೆಯನ್ನು ಕಟ್ಟಿದರು. ರೈತನು ಷೇರು ಹಿಡಿದು ಕಬ್ಬು ಹಾಕುತ್ತಾನೆ, ಕಬ್ಬಿನ ಬಿಲ್ಲಿನಿಂದ ಠೇವಣಿ ಕಳೆಯುತ್ತಾರೆ, ಸದಸ್ಯನಿಗೆ ರಿಯಾಯಿತಿ ದರದ ಸಕ್ಕರೆ ಸಿಗುತ್ತದೆ. ಹೀಗೆ ನಗದು ಬಹಳ ಮುಟ್ಟದೆಯೇ ರೈತರು ಕಾರ್ಖಾನೆಯ ಒಡೆಯರಾದರು.

ದೂರದ ದೇಶಗಳಲ್ಲಿ

ಇದು ನಮ್ಮ ಸೀಮೆಗೆ ಮಾತ್ರ ಸೀಮಿತವಾದ ಕಥೆಯಲ್ಲ. 1930ರ ದಶಕದ ಮಹಾ ಮುಗ್ಗಟ್ಟಿನಲ್ಲಿ ಯುರೋಪಿನ ಅಂಗಡಿಗಳಲ್ಲಿ ಸರಕಿತ್ತು, ದುಡಿಯುವ ಕೈಗಳಿದ್ದವು, ಹಣ ಮಾತ್ರ ಮನೆಗಳಲ್ಲಿ ಬಚ್ಚಿಟ್ಟುಕೊಂಡಿತ್ತು. ಆಸ್ಟ್ರಿಯದ ವೋರ್ಗಲ್ ಎಂಬ ಪಟ್ಟಣದ ಅಧ್ಯಕ್ಷ ಮೈಕೇಲ್ ಉಂಟರ್‌ಗುಗೆನ್‌ಬರ್ಗರ್ 1932ರಲ್ಲಿ ಊರಿನದೇ ಚೀಟಿಹಣವನ್ನು ಹೊರಡಿಸಿದನು. ಪ್ರತಿ ತಿಂಗಳು ಅದರ ಬೆಲೆಯ ನೂರಕ್ಕೆ ಒಂದರಷ್ಟು ಮೊತ್ತದ ಅಂಚೆಚೀಟಿಯಂತಹ ಮುದ್ರೆಯನ್ನು ಅಂಟಿಸದಿದ್ದರೆ ಅದು ಸಲ್ಲುತ್ತಿರಲಿಲ್ಲ. ಆದ್ದರಿಂದ ಯಾರೂ ಅದನ್ನು ಕೂಡಿಡಲಿಲ್ಲ, ಬೇಗ ಬೇಗ ಖರ್ಚು ಮಾಡಿದರು. ರಸ್ತೆ ಸೇತುವೆಗಳ ಕೆಲಸ ನಡೆಯಿತು. ಮರುವರ್ಷ ಆಸ್ಟ್ರಿಯದ ಕೇಂದ್ರ ಬ್ಯಾಂಕು ಅದನ್ನು ನಿಲ್ಲಿಸಿತು.

ನೆಲೆ ನಿಂತದ್ದು ಸ್ವಿಟ್ಜರ್ಲೆಂಡಿನ ಪ್ರಯೋಗ. 1934ರಲ್ಲಿ ವರ್ನರ್ ಝಿಮರ್‌ಮನ್ ಮತ್ತು ಪಾಲ್ ಎನ್ಜ್ ಎಂಬವರ ಮುಂದಾಳುತನದಲ್ಲಿ ಜ್ಯೂರಿಕ್ ನಗರದಲ್ಲಿ ವಿರ್ ಎಂಬ ಸಂಘ ಹುಟ್ಟಿತು. ಜರ್ಮನ್ ಭಾಷೆಯಲ್ಲಿ ಆ ಪದಕ್ಕೆ ನಾವು ಎಂದೇ ಅರ್ಥ. ಬಡಗಿಯು ಹೋಟೆಲಿನವನಿಗೆ ಕೆಲಸ ಮಾಡಿದರೆ ಅವನ ಖಾತೆಗೆ ವಿರ್ ಜಮಾ ಆಗುತ್ತದೆ. ಅದನ್ನು ನಗದಾಗಿ ಬದಲಿಸಲು ಬರುವುದಿಲ್ಲ, ಸಂಘದ ಇನ್ನೊಬ್ಬ ಸದಸ್ಯನಿಂದ ಮರವನ್ನೋ ಬಣ್ಣವನ್ನೋ ಕೊಳ್ಳಬಹುದು. ಚಿಕ್ಕ ಮತ್ತು ಮಧ್ಯಮ ಉದ್ಯಮಗಳ ಈ ಸಂಘ ಬ್ಯಾಂಕಾಗಿ ಇಂದಿಗೂ ನಡೆಯುತ್ತಿದೆ. ದೇಶದ ವ್ಯಾಪಾರ ಕುಗ್ಗಿದ ವರ್ಷಗಳಲ್ಲಿ ವಿರ್ ವಹಿವಾಟು ಹಿಗ್ಗಿರುವುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜೇಮ್ಸ್ ಸ್ಟಾಡರ್ ಲೆಕ್ಕಹಾಕಿ ತೋರಿಸಿದ್ದಾರೆ. ಇಟಲಿಯ ಸಾರ್ಡೀನಿಯ ದ್ವೀಪದಲ್ಲಿ 2010ರಿಂದ ನಡೆಯುತ್ತಿರುವ ಸಾರ್ಡೆಕ್ಸ್ ಕೂಡ ಇದೇ ಜಾತಿಯದು, ಅಲ್ಲಿ ಬಡ್ಡಿಯೂ ಇಲ್ಲ.

ವೋರ್ಗಲ್ ಅಳಿದು ವಿರ್ ಉಳಿದುದರ ಹಿಂದೆ ನಮಗೆ ಎರಡು ಸಂಗತಿ ಕಾಣುತ್ತವೆ. ವಿರ್ ಸರಕಾರದ ಹಣದೊಡನೆ ಸ್ಪರ್ಧೆಗೆ ನಿಲ್ಲಲಿಲ್ಲ, ಬ್ಯಾಂಕಿನ ಕಾಯಿದೆಗೆ ಒಳಪಟ್ಟು ಅದರ ಪಕ್ಕದಲ್ಲಿ ನಡೆಯಿತು. ಅಲ್ಲದೆ ಅದರ ಪ್ರತಿ ಸದಸ್ಯನೂ ತನ್ನ ಲೆಕ್ಕವನ್ನು ತಾನೇ ಓದಬಲ್ಲವನಾಗಿದ್ದನು. ಈ ಎರಡನೆಯ ಮಾತು ನಮ್ಮನ್ನು ಮತ್ತೆ ಮನೆಗೆ ಕರೆತರುತ್ತದೆ.

ಲೆಕ್ಕದ ಹೊರಗೆ ನಿಂತವರು

ಹುಂಡಿಯನ್ನು, ಪತ್ತನ್ನು ಹೊಗಳುವಾಗ ಅದು ಯಾರ ನಡುವೆ ನಡೆಯುತ್ತಿತ್ತು ಎಂಬುದನ್ನು ಮರೆಯಬಾರದು. ಹುಂಡಿ ಬಲ್ಲವರ ನಡುವೆ ನಡೆಯುತ್ತಿತ್ತು. ಸಮಾನ ಅಂತಸ್ತಿನ, ಅನೇಕ ವೇಳೆ ಒಂದೇ ಸಮುದಾಯದ, ಅಕ್ಷರ ಬಲ್ಲ ಗಂಡಸರ ವರ್ತುಲವದು. ರೈತ, ಹಮಾಲ, ಕೂಲಿಯ ಹೆಂಗಸು ಅದರ ಹೊರಗಿದ್ದರು. ಅವರಿಗೂ ಕಾಗದವಿತ್ತು, ಅದು ಸಾಲಪತ್ರ. ಅದರಲ್ಲಿ ಏನು ಬರೆದಿದೆ ಎಂಬುದು ಬರೆದವನಿಗೆ ಮಾತ್ರ ಗೊತ್ತಿರುತ್ತಿತ್ತು, ಇವರದು ಹೆಬ್ಬೆಟ್ಟು.

1875ರಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿದಾಗ ಬಹುಪಾಲು ಕಡೆ ಅವರು ಹುಡುಕಿದ್ದು ಸಾಲಪತ್ರಗಳನ್ನು, ಸಿಕ್ಕವನ್ನು ಬೀದಿಯಲ್ಲಿ ಸುಟ್ಟರು. ತಮಗೆ ಓದಲು ಬಾರದ ಕಾಗದ ತಮ್ಮ ಹೊಲವನ್ನು ನುಂಗುತ್ತಿದೆ ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. 1879ರಲ್ಲಿ ಬಂದ ದಖ್ಖನ್ ರೈತರ ಪರಿಹಾರ ಕಾಯಿದೆಯು ಸಾಲಪತ್ರಗಳನ್ನು ಗ್ರಾಮದ ನೋಂದಣಿ ಅಧಿಕಾರಿಯ ಎದುರಿನಲ್ಲಿ ಬರೆಯಿಸಬೇಕೆಂದು ವಿಧಿಸಿತು. ಓದಲು ಬಾರದವನಿಗಾಗಿ ಸರಕಾರ ಒಬ್ಬ ಓದುಗನನ್ನು ನೇಮಿಸಿದಂತಾಯಿತು.

ನಮ್ಮ ಕನ್ನಡ ರೈತನ ತೊಡಕು ಇಮ್ಮಡಿಯಾಗಿತ್ತು. ಪೇಟೆಯ ಕೀರ್ದಿ ಖಾತೆಗಳು ಮೋಡಿ ಲಿಪಿಯಲ್ಲಿ, ಮರಾಠಿಯಲ್ಲಿ ಇರುತ್ತಿದ್ದವು. ಅಡತಿಯವನು ಕೊಟ್ಟ ಪಟ್ಟಿಯಲ್ಲಿ ತೂಕವೆಷ್ಟು, ಹಮಾಲಿ ತೋಲಾಯಿ ದಲಾಲಿ ಎಂದು ಕಳೆದದ್ದೆಷ್ಟು, ಹಿಂದಿನ ಮುಂಗಡದ ಬಡ್ಡಿಯೆಷ್ಟು ಎಂಬುದನ್ನು ಇನ್ನೊಬ್ಬರ ಬಾಯಿಂದ ಕೇಳಬೇಕಾಗಿತ್ತು. ಪ್ರಾಮಾಣಿಕ ಅಡತಿಯವರು ಬಹಳ ಮಂದಿ ಇದ್ದರು. ಆದರೆ ಪ್ರಾಮಾಣಿಕತೆಯನ್ನು ಪರೀಕ್ಷಿಸಲಾಗದವನಿಗೆ ನಂಬುವುದು ಗುಣವಲ್ಲ, ಅನಿವಾರ್ಯ.

ಅರಿಸಿನದ ಚೀಲ ಹೊತ್ತವರಿಗಂತೂ ನ್ಯಾಯ ಬಹಳ ತಡವಾಗಿ ಬಂದಿತು. ಮಹಾರಾಷ್ಟ್ರದಲ್ಲಿ ಮಾಥಾಡಿ ಹಮಾಲರ ಕಾಯಿದೆ ಬಂದದ್ದು 1969ರಲ್ಲಿ. ಕಬ್ಬಿನ ರೈತನಿಗೆ 14 ದಿನಗಳೊಳಗೆ ಬೆಲೆ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿ ಉಳಿದ ವರ್ಷಗಳಲ್ಲಿ ಆ ರೈತನು ಕಾರ್ಖಾನೆಗೆ ತಾನೇ ಸಾಲ ಕೊಟ್ಟಂತಾಗುತ್ತದೆ, ಅದೂ ತನ್ನ ಮಕ್ಕಳ ಶಾಲೆಯ ಖರ್ಚನ್ನು ಮುಂದಕ್ಕೆ ಹಾಕಿ. ಪರ್ಯಾಯ ಹಣಕ್ಕೆ ಇಂತಹ ಮುಖವೂ ಇದೆ. ನಂಬಿಕೆಯ ಭಾರವು ಯಾವಾಗಲೂ ಬಡವನ ಹೆಗಲಿಗೇ ಬೀಳುವುದಾದರೆ ಅದನ್ನು ನಂಬಿಕೆ ಎನ್ನಲಾಗದು.

ಹಿಡಿಕಾಳು

ಇಲ್ಲಿಯೇ ಶಾಲೆಯ ಪ್ರವೇಶವಾಗುತ್ತದೆ. ಕುಂಭೋಜದಲ್ಲಿ 1887ರಲ್ಲಿ ಜನಿಸಿದ ಭಾವೂರಾವ್ ಪಾಟೀಲರು ಯೌವನದಲ್ಲಿ ಕಿರ್ಲೋಸ್ಕರರ ನೇಗಿಲು ಮಾರುತ್ತ ಹಳ್ಳಿ ಹಳ್ಳಿ ತಿರುಗಿದವರು. ನೇಗಿಲು ಕೊಳ್ಳುವ ರೈತನಿಗೆ ರಸೀದಿ ಓದಲು ಬಾರದಿದ್ದ ಆ ಕಾಲದಲ್ಲಿ, 1919ರಲ್ಲಿ, ಅವರು ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಹಣ ಎಲ್ಲಿಂದ ತರುವುದು? ಮನೆಯೊಡತಿಯರು ದಿನದ ಅಡುಗೆಗೆ ಕಾಳು ತೆಗೆಯುವಾಗ ಒಂದು ಹಿಡಿಯನ್ನು ಬೇರೆಯಿಡಬೇಕು, ಅದು ಮಕ್ಕಳ ವಸತಿಗೃಹಕ್ಕೆ. ಇದಕ್ಕೆ ಮುಷ್ಟಿಫಂಡ ಎಂದು ಹೆಸರಾಯಿತು. ಅದೂ ಸಾಲದಾದಾಗ ಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಒಡವೆಗಳನ್ನೂ ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು.

ಹುಂಡಿಯ ವರ್ತುಲದೊಳಗೆ ಸ್ಥಾನವಿಲ್ಲದ ಹೆಂಗಸರು, ನಗದು ಕಾಣದ ಹೆಂಗಸರು, ಹೊರಡಿಸಿದ ಹಣ ಈ ಹಿಡಿಕಾಳು. ಅದಕ್ಕೆ ಮುದ್ರೆಯಿಲ್ಲ, ಬಡ್ಡಿಯಿಲ್ಲ, ಮುದ್ದತಿಲ್ಲ. ಅದರ ಪ್ರತಿಫಲವು ಒಂದು ತಲೆಮಾರಿನ ನಂತರ, ಪಟ್ಟಿಯನ್ನು ತಾನೇ ಓದಿ ಕೂಡಿ ಕಳೆದು ನೋಡುವ ಮಗನ ಮಗಳ ರೂಪದಲ್ಲಿ ಬಂದಿತು. ನಮ್ಮಂತಹ ಕನ್ನಡ ಶಾಲೆಗಳು ಈ ಸೀಮೆಯಲ್ಲಿ ನಿಂತಿರುವುದೂ ಅಂತಹ ಕೊಡುಗೆಗಳ ಮೇಲೆಯೇ. ದಾನಿಗಳ ಫಲಕದಲ್ಲಿ ದೊಡ್ಡ ಮೊತ್ತಗಳು ಬರುತ್ತವೆ. ಕಟ್ಟಡಕ್ಕೆ ಮರ ಕೊಯ್ದವರ, ಗೋಡೆಗೆ ಮಣ್ಣು ಹೊತ್ತವರ, ಗುರುಗಳ ಮನೆಗೆ ಜೋಳ ಹಾಕಿದವರ ಹೆಸರು ಯಾವ ಫಲಕದಲ್ಲಿಯೂ ಬರುವುದಿಲ್ಲ.

ಇಂದು ಹಣದ ರೂಪ ಮತ್ತೆ ಬದಲಾಗಿದೆ. 2007ರ ಗೋದಾಮು ಕಾಯಿದೆಯಂತೆ ದಾಸ್ತಾನಿನ ರಸೀದಿಯನ್ನು ಅಡವಿಡಬಹುದು, ಮಾರಬಹುದು: ಹರಿಪುರದ ಹಗೇವೇ ಗಣಕಯಂತ್ರದೊಳಗೆ ಬಂದಿದೆ. ಮಧ್ಯಮ ಉದ್ಯಮಗಳ ಬಾಕಿ ಬಿಲ್ಲುಗಳನ್ನು ಕೊಂಡು ಮುಂಚಿತವಾಗಿ ಹಣ ಕೊಡುವ ಟ್ರೆಡ್ಸ್ ಎಂಬ ವ್ಯವಸ್ಥೆಗೆ ರಿಸರ್ವ್ ಬ್ಯಾಂಕು ಅನುಮತಿ ಕೊಟ್ಟಿದೆ: ಇದು ಮುದ್ದತಿ ಹುಂಡಿಯ ಮೊಮ್ಮಗು. 2016ರಿಂದ ಯುಪಿಐ ಬಂದು ತರಕಾರಿ ಮಾರುವ ತಾಯಿಯೂ ಫೋನಿನಲ್ಲಿ ಹಣ ಪಡೆಯುತ್ತಾಳೆ. ಇವೆಲ್ಲ ಒಳ್ಳೆಯವೇ. ಆದರೆ ಫೋನಿನ ಪರದೆಯ ಮೇಲೆ ಬಂದ ಸಂದೇಶವನ್ನು ಅರ್ಥಮಾಡಿಕೊಳ್ಳದೆ ಗುಂಡಿ ಒತ್ತುವುದಕ್ಕೂ ಓದಲಾಗದ ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುವುದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಮಗುವನ್ನು ಯಾವ ಮಾಧ್ಯಮಕ್ಕೆ ಸೇರಿಸಬೇಕೆಂದು ಪಾಲಕರು ನಮ್ಮನ್ನು ಪ್ರತಿ ವರ್ಷ ಕೇಳುತ್ತಾರೆ. ಅವರ ಆತಂಕ ನ್ಯಾಯವಾದದ್ದೇ. ಈ ಊರಿನಲ್ಲಿ ಮರಾಠಿ ಬೇಕು, ಮುಂದಿನ ಓದಿಗೆ ಇಂಗ್ಲಿಷ್ ಬೇಕು, ನಮ್ಮ ಶಾಲೆ ಎರಡನ್ನೂ ಕಲಿಸುತ್ತದೆ. ಆದರೆ ಬಡ್ಡಿಯೆಂದರೇನು, ಕಳೆದದ್ದೇಕೆ, ಈ ಕಾಗದ ನನ್ನನ್ನು ಯಾವುದಕ್ಕೆ ಕಟ್ಟಿಹಾಕುತ್ತದೆ ಎಂಬ ಪ್ರಶ್ನೆಗಳು ಮಗುವಿನ ಮನಸ್ಸಿನಲ್ಲಿ ಮೊದಲು ಏಳುವುದು ಮನೆಯ ಮಾತಿನಲ್ಲಿ. ಆ ಮಾತಿನಲ್ಲಿಯೇ ಲೆಕ್ಕ ಕಲಿತವನು ಬೇರೆ ಭಾಷೆಯ ಲೆಕ್ಕವನ್ನೂ ಅಂಜದೆ ಪ್ರಶ್ನಿಸುತ್ತಾನೆ. ಕೂಡಿಸುವ, ಕಳೆಯುವ, ಕೇಳುವ ಧೈರ್ಯವನ್ನು ಒಟ್ಟಿಗೆ ಕೊಡುವುದೇ ಕನ್ನಡ ಶಾಲೆಯ ಕೆಲಸವೆಂದು ನಾವು ತಿಳಿದಿದ್ದೇವೆ.

ಇದನ್ನು ಮಾತಿನಲ್ಲಿಯೇ ನಿಲ್ಲಿಸಬಾರದು. ಶತಮಾನೋತ್ಸವದ ಈ ವರ್ಷ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಮನೆಗಳ ಅಟ್ಟದಲ್ಲಿ, ಟ್ರಂಕುಗಳಲ್ಲಿ ಹಳೆಯ ಅಡತಿ ಪಟ್ಟಿ, ಹುಂಡಿಯ ಪ್ರತಿ, ಕಬ್ಬಿನ ಬಿಲ್ಲು, ಹಾಲಿನ ಪುಸ್ತಕ, ಸಂಘದ ಷೇರುಪತ್ರಗಳಿದ್ದರೆ ಅವುಗಳನ್ನು ರದ್ದಿಗೆ ಹಾಕಬೇಡಿ. ಶಾಲೆಗೆ ತಂದು ತೋರಿಸಿ. ಏಳನೆಯ, ಎಂಟನೆಯ ತರಗತಿಯ ಮಕ್ಕಳು ಅವನ್ನು ಓದಲಿ, ಲೆಕ್ಕ ಸರಿಯಿದೆಯೇ ಎಂದು ಕೂಡಿ ನೋಡಲಿ. ಅಜ್ಜನು ಹೆಬ್ಬೆಟ್ಟು ಒತ್ತಿದ ಕಾಗದವನ್ನು ಮೊಮ್ಮಗಳು ಗಟ್ಟಿಯಾಗಿ ಓದಿ ಅರ್ಥ ಹೇಳಿದ ದಿನ ಈ ಶಾಲೆಯ ಮೇಲೆ ಹಿಂದಿನವರು ಇಟ್ಟ ಋಣದಲ್ಲಿ ಸ್ವಲ್ಪವಾದರೂ ಸಂದಾಯವಾದೀತು.